ಪಾದ್ರಿ ಹಾರಿಬಿಟ್ಟ ಗರುಡ

ಮಕ್ಕಳ ಕೈಯಲ್ಲಿ ಕಾಮಿಕ್ಸ್ ಕಂಡರೆ ಹಿರಿಯರು ಮುಖ ಸಿಂಡರಿಸುವುದು ಇಂದು ನಿನ್ನೆಯದಲ್ಲ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಹುಡುಗರಿಗೆ ಅಮೆರಿಕದ ಭಯಾನಕ ಕಾಮಿಕ್ಸ್‌ಗಳ ರುಚಿ ಹತ್ತಿದಾಗ ಮಾರ್ಕಸ್ ಮಾರಿಸ್ ಎಂಬ ಪಾದ್ರಿ ಅವನ್ನು ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. ಆದರೆ ಬೈದು ಸುಮ್ಮನಾಗಲಿಲ್ಲ. ಕಲಾವಿದ ಫ್ರಾಂಕ್ ಹ್ಯಾಂಪ್ಸನ್ ಜತೆಗೂಡಿ ತಾವೇ ಒಂದು ವಾರಪತ್ರಿಕೆ ರೂಪಿಸಿದರು. ಅದೇ ‘ಈಗಲ್’, ಅಂದರೆ ಗರುಡ. 1950ರ ಏಪ್ರಿಲ್ 14ರಂದು ಹೊರಬಂದ ಮೊದಲ ಸಂಚಿಕೆಯ ಸುಮಾರು 9 ಲಕ್ಷ ಪ್ರತಿಗಳು ಖರ್ಚಾದವು!

ಮುಖಪುಟದ ನಾಯಕ ಡ್ಯಾನ್ ಡೇರ್, ಅಂತರಿಕ್ಷ ನೌಕೆಯ ಪೈಲಟ್. ಗಗಾರಿನ್ ಅಂತರಿಕ್ಷಕ್ಕೇರಲು ಇನ್ನೂ 11 ವರ್ಷ ಬಾಕಿಯಿತ್ತು. ಮೊದಲ ಕಥೆಯಲ್ಲಿ ಭೂಮಿಗೆ ಅನ್ನದ ಅಭಾವ. ಡೇರ್ ಆಹಾರ ಹುಡುಕುತ್ತ ಶುಕ್ರಗ್ರಹಕ್ಕೆ ಹೊರಡುತ್ತಾನೆ. 1954ರವರೆಗೂ ರೇಷನ್ನಿನಲ್ಲೇ ದಿನದೂಡಿದ ಬ್ರಿಟನ್ನಿನ ಮಕ್ಕಳಿಗೆ ಆ ಹಸಿವು ಬರೀ ಕಲ್ಪನೆಯಾಗಿರಲಿಲ್ಲ. ಒಳಪುಟಗಳಲ್ಲಿ ರೈಲು, ವಿಮಾನಗಳನ್ನು ಸೀಳಿ ತೋರಿಸಿದಂಥ ಬಣ್ಣದ ಚಿತ್ರಗಳು. ಪಾದ್ರಿಯ ಪತ್ರಿಕೆಯೆಂದ ಮೇಲೆ ಸಂತ ಪಾಲನ ಕಥೆಯೂ ಇತ್ತು, ಆದರೆ ಜಾಣತನದಿಂದ ಅದನ್ನು ಹಿಂಬದಿಯ ಪುಟಕ್ಕೆ ಇಟ್ಟಿದ್ದರು.

ಹ್ಯಾಂಪ್ಸನ್ ಸುಮ್ಮನೆ ಗೀಚಿದವರಲ್ಲ. ನೌಕೆಗಳ ಮಾದರಿ ಮಾಡಿಸಿ, ಸಹಾಯಕರಿಗೆ ವೇಷ ತೊಡಿಸಿ ಫೋಟೊ ತೆಗೆದು, ಅದನ್ನು ನೋಡಿ ಬರೆಯುತ್ತಿದ್ದರು. ಸ್ವಂತ ತಂದೆಯ ಮುಖವನ್ನೇ ಒಂದು ಪಾತ್ರಕ್ಕೆ ಕೊಟ್ಟರು. ಆದರೆ ಡ್ಯಾನ್ ಡೇರ್‌ನ ಹಕ್ಕು ಉಳಿದದ್ದು ಪ್ರಕಾಶಕರ ಬಳಿ. ಅವನ ಹೆಸರಿನ ಆಟಿಕೆಗಳು ಅಂಗಡಿ ತುಂಬಿದರೂ ಸೃಷ್ಟಿಕರ್ತನಿಗೆ ಲಾಭ ಅಷ್ಟಕ್ಕಷ್ಟೆ. ‘ಈಗಲ್’ 1969ರಲ್ಲಿ ನಿಂತಿತು. 1982ರಲ್ಲಿ ಮತ್ತೆ ಶುರುವಾಗಿ 1994ರವರೆಗೆ ನಡೆಯಿತು. 1975ರಲ್ಲಿ ಇಟಲಿಯ ಲುಕಾ ಉತ್ಸವ ಹ್ಯಾಂಪ್ಸನ್‌ರನ್ನು ಶ್ರೇಷ್ಠ ಕಲಾವಿದರೆಂದು ಗೌರವಿಸಿತು. ಆಗ ಅವರು ಕಾಲೇಜೊಂದರಲ್ಲಿ ತಂತ್ರಜ್ಞರಾಗಿ ದುಡಿಯುತ್ತಿದ್ದರು.