ಹಗೇವಿನ ಕಂದೀಲು, ಮೆಟ್ರೋ ಸುರಂಗದ ಗಾಳಿ

ಶಿಗ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹಿರಿಯರಿಗೆ ಹಗೇವು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ಕಿರಿದು, ಹೊಟ್ಟೆ ದೊಡ್ಡದು; ನೆಲದೊಳಗೆ ಆಳವಾಗಿ ತೋಡಿದ ಗುಂಡಿ ಅದು. ಒಳಗೆ ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಬರಗಾಲಕ್ಕೂ ಕಾಳು ಉಳಿಯುತ್ತಿತ್ತು. ಆದರೆ ಹಗೇವು ತೆಗೆದ ದಿನ ಯಾರೂ ಅವಸರದಿಂದ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ಕಂದೀಲು ಆರಿದರೆ ಆಳು ಇಳಿಯುವಂತಿಲ್ಲ. ಈ ಎಚ್ಚರ ಮರೆತವರು ಒಳಗೇ ಕುಸಿದದ್ದುಂಟು. ಅವರನ್ನು ಎತ್ತಲು ಹೋದವರೂ ಮೇಲೆ ಬಾರದೆ ಹೋದದ್ದುಂಟು.

ಕಾರಣ ಸರಳ. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. (ಉರಿಯುವ ಕಂದೀಲು ಎಲ್ಲ ವಿಷಾನಿಲಗಳ ಸುಳಿವನ್ನೂ ಕೊಡುವುದಿಲ್ಲ. ಹಾಳು ಬಾವಿ, ಗಟಾರದ ಗುಂಡಿಗಳಲ್ಲಿ ಈ ಪರೀಕ್ಷೆಯನ್ನು ಯಾರೂ ನೆಚ್ಚಬಾರದು.)

ನೆಲದೊಳಗೆ ಮನುಷ್ಯ ಇಳಿದಲ್ಲೆಲ್ಲ ಮೊದಲು ಏಳುವ ಪ್ರಶ್ನೆ ಗಾಳಿಯದೇ. ಯಲವಿಗಿಯಲ್ಲೋ ಹುಬ್ಬಳ್ಳಿಯಲ್ಲೋ ರೈಲು ಹತ್ತಿ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿಂದ ಮೆಟ್ಟಿಲಿಳಿದು ‘ನಮ್ಮ ಮೆಟ್ರೋ’ ಹಿಡಿಯುತ್ತಾರೆ. ಅಲ್ಲಿಂದ ಮೆಜೆಸ್ಟಿಕ್, ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ, ಕಬ್ಬನ್ ಪಾರ್ಕ್ ಹೀಗೆ ಐದು ನಿಲ್ದಾಣಗಳು ನೆಲದ ಕೆಳಗಿವೆ. ಈ ಸುರಂಗ ಮಾರ್ಗ 2016ರ ಏಪ್ರಿಲ್ ಕೊನೆಯಲ್ಲಿ ಆರಂಭವಾಯಿತು. ದಕ್ಷಿಣ ಭಾರತದಲ್ಲಿ ಸುರಂಗದೊಳಗೆ ಓಡಿದ ಮೊದಲ ಮೆಟ್ರೋ ಇದೇ.

ತೋಡುವುದೇನೂ ಸುಲಭವಾಗಿರಲಿಲ್ಲ. ಬೆಂಗಳೂರಿನ ಕೆಳಗಿರುವುದು ಲಾಲ್‌ಬಾಗಿನ ಬಂಡೆಯ ಜಾತಿಯ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಒಂದು ಕಡೆ ಅದು ಕಬ್ಬಿಣದಂತೆ ಗಟ್ಟಿ, ಪಕ್ಕದಲ್ಲೇ ಶಿಥಿಲವಾಗಿ ಮಣ್ಣು. ಮೆಜೆಸ್ಟಿಕ್ ಬಸ್ ನಿಲ್ದಾಣವಂತೂ ಧರ್ಮಾಂಬುಧಿ ಕೆರೆಯ ಅಂಗಳ. ಕೊರೆಯುವ ಯಂತ್ರಕ್ಕೆ ಪೂರ್ತಿ ಕಲ್ಲಾದರೂ ಸರಿ, ಪೂರ್ತಿ ಮಣ್ಣಾದರೂ ಸರಿ. ಎರಡೂ ಬೆರೆತರೆ ಅದರ ಹಲ್ಲು ಮುರಿಯುತ್ತದೆ. ‘ಮಾರ್ಗರಿಟಾ’ ಎಂಬ ಯಂತ್ರ ಹೀಗೆ ತಿಂಗಳುಗಟ್ಟಲೆ ನೆಲದೊಳಗೆ ನಿಂತುಬಿಟ್ಟಿತ್ತು. ಮುಂದಿನ ಹಂತದ ಗುಲಾಬಿ ಮಾರ್ಗಕ್ಕೆ ಒಂಬತ್ತು ಯಂತ್ರಗಳು ಬೇಕಾದವು; ಅವುಗಳಲ್ಲಿ ‘ತುಂಗಾ’ 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಹೊರಬಂದಾಗ ಆ ಮಾರ್ಗದ ಸುರಂಗದ ಕೆಲಸ ಮುಗಿಯಿತು.

ಇನ್ನು ಗಾಳಿಯ ಮಾತು. ಲಂಡನ್ನಿನಲ್ಲಿ 1863ರಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಓಡಿದಾಗ ಅದಕ್ಕೆ ಕಟ್ಟಿದ್ದು ಉಗಿ ಎಂಜಿನ್! ಹೊಗೆಗೆ ಪ್ರಯಾಣಿಕರು ಕೆಮ್ಮಿ ಕೆಮ್ಮಿ ಹಣ್ಣಾದರು. ವಿದ್ಯುತ್ ಬಂದ ಮೇಲೆ ಹೊಗೆ ಹೋಯಿತು, ಶಾಖ ಉಳಿಯಿತು. ಅದು ಎಷ್ಟೆಂದು ಹತ್ತನೆಯ ತರಗತಿಯವರೂ ಲೆಕ್ಕ ಹಾಕಬಹುದು. 300 ಟನ್ ತೂಕದ ರೈಲು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದೆ ಎನ್ನೋಣ. ಅದರ ಚಲನಶಕ್ತಿ ಆರು ಕೋಟಿ ಜೂಲ್. ಬ್ರೇಕ್ ಒತ್ತಿದಾಗ ಅದೆಲ್ಲ ಶಾಖವಾದರೆ, 25 ಡಿಗ್ರಿಯಲ್ಲಿರುವ ಸುಮಾರು 190 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಇದು ಒಂದು ರೈಲು ಒಂದು ಸಲ ನಿಂತಾಗಿನ ಲೆಕ್ಕ. ಲಂಡನ್ನಿನ ಸುರಂಗಗಳ ಸುತ್ತಲಿನ ಜೇಡಿಮಣ್ಣು ಮೊದಲು ಸುಮಾರು 14 ಡಿಗ್ರಿ ಇದ್ದದ್ದು, ನೂರು ವರ್ಷಗಳಲ್ಲಿ ಈ ಶಾಖವನ್ನು ಹೀರಿ ಹೀರಿ 20 ಡಿಗ್ರಿ ದಾಟಿದೆ. ನಮ್ಮ ಮೆಟ್ರೋ ರೈಲುಗಳು ಬ್ರೇಕ್ ಹಾಕುವಾಗ ಮೋಟಾರನ್ನೇ ಡೈನಮೋ ಮಾಡಿಕೊಂಡು ಆ ಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿ ಹಿಂದಕ್ಕೆ ಕೊಡುತ್ತವೆ; ಹತ್ತಿರದ ಇನ್ನೊಂದು ರೈಲು ಅದನ್ನು ಬಳಸುತ್ತದೆ. ಉಳಿದ ಶಾಖವನ್ನು ಹೊರಹಾಕಲು ದೊಡ್ಡ ಫ್ಯಾನುಗಳು, ನೆಲದ ಮೇಲಿನವರೆಗೆ ಎದ್ದ ಗಾಳಿಗೂಡುಗಳು ಇವೆ.

ಈ ಫ್ಯಾನುಗಳ ನಿಜವಾದ ಪರೀಕ್ಷೆ ಬೆಂಕಿ ಬಿದ್ದಾಗ. ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ 2003ರ ಫೆಬ್ರವರಿ 18ರಂದು ಒಬ್ಬ ಮನುಷ್ಯ ಸುರಂಗ ರೈಲಿನಲ್ಲಿ ಬೆಂಕಿ ಹಚ್ಚಿದ. 192 ಜನ ಸತ್ತರು. ಹಗೇವಿನಲ್ಲಿ ಆದದ್ದೇ ಅಲ್ಲಿಯೂ ಆದದ್ದು: ಅನೇಕರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ ಮತ್ತು ವಿಷಾನಿಲ. ಡಬ್ಬಿಗಳ ಒಳಗಿನ ಸೀಟು, ಹೊದಿಕೆಗಳೇ ಉರುವಲಾಗಿದ್ದವು. ಜಪಾನಿನವರು 1927ರ ಡಿಸೆಂಬರ್ 30ರಂದು ಟೋಕಿಯೋದಲ್ಲಿ ಉಯೆನೋ–ಅಸಾಕುಸಾ ನಡುವಿನ 2.2 ಕಿ.ಮೀ. ಸುರಂಗ ಮಾರ್ಗ ತೆರೆದಾಗ, ಬೆಂಕಿಗೆ ಹೆದರಿಯೇ ಮರದ ಡಬ್ಬಿ ಬೇಡವೆಂದು ಉಕ್ಕಿನ ಡಬ್ಬಿ ಓಡಿಸಿದ್ದರು. ಆ ಮುಂದಾಲೋಚನೆಯನ್ನು ಎಪ್ಪತ್ತೈದು ವರ್ಷಗಳ ನಂತರವೂ ಎಲ್ಲರೂ ಕಲಿತಿರಲಿಲ್ಲ ಎನ್ನುವುದು ನೋವಿನ ಸಂಗತಿ. ಬೆಂಗಳೂರು ಮೆಟ್ರೋಗೆ ಸಾಲ ಕೊಟ್ಟವರಲ್ಲಿ ಜಪಾನಿನವರೂ ಸೇರಿದ್ದಾರೆ.

ಸುರಂಗದ ಫ್ಯಾನುಗಳನ್ನು ಎರಡೂ ದಿಕ್ಕಿಗೆ ತಿರುಗಿಸಬಹುದು. ಹೊಗೆಯನ್ನು ಒಂದು ಕಡೆಗೆ ತಳ್ಳುತ್ತಾರೆ, ಜನರನ್ನು ಇನ್ನೊಂದು ಕಡೆಗೆ ಕಳಿಸುತ್ತಾರೆ. ಹೋಗುವ ಸುರಂಗ, ಬರುವ ಸುರಂಗ ಬೇರೆ ಬೇರೆ. ನಡುನಡುವೆ ಅಡ್ಡದಾರಿಗಳು ಅವನ್ನು ಕೂಡಿಸುತ್ತವೆ. ಹಾಗಾಗಿ ನಡೆಯಬೇಕಾದದ್ದು ಮುಖಕ್ಕೆ ತಾಜಾ ಗಾಳಿ ಬಡಿಯುವ ದಿಕ್ಕಿಗೆ, ಸಿಬ್ಬಂದಿ ಹೇಳಿದ ದಾರಿಯಲ್ಲಿ. ಸಿಬ್ಬಂದಿ ಹೇಳುವ ಮೊದಲೇ ಹಳಿಗೆ ಜಿಗಿಯುವುದು ಸಾವಿಗೆ ಕೈಚಾಚಿದಂತೆ. ಬೆಂಗಳೂರಿನಲ್ಲಿ ವಿದ್ಯುತ್ತು ತಲೆಯ ಮೇಲಿನ ತಂತಿಯಲ್ಲಿಲ್ಲ. ಹಳಿಗಳ ಪಕ್ಕದ ಮೂರನೆಯ ಪಟ್ಟಿಯಲ್ಲಿ 750 ವೋಲ್ಟ್ ಹರಿಯುತ್ತಿರುತ್ತದೆ. ಮಕ್ಕಳನ್ನು ಬೆಂಗಳೂರಿಗೆ ಕಳಿಸುವ ತಂದೆ ತಾಯಿ ಊಟದ ಡಬ್ಬಿ ಕಟ್ಟುವಾಗ ಇದನ್ನೂ ಒಂದು ಮಾತು ಹೇಳಿಡಲಿ.

ಇಷ್ಟೆಲ್ಲ ಫ್ಯಾನುಗಳ ಜೊತೆಗೆ ರೈಲೂ ಗಾಳಿ ಬೀಸುತ್ತದೆ. ಸುರಂಗದೊಳಗೆ ಅದು ಸೈಕಲ್ ಪಂಪಿನ ದಟ್ಟೆಯಂತೆ ಮುಂದಿನ ಗಾಳಿಯನ್ನು ತಳ್ಳುತ್ತಾ, ಹಿಂದಿನಿಂದ ಎಳೆದುಕೊಳ್ಳುತ್ತಾ ಬರುತ್ತದೆ. ಇದನ್ನು ನೋಡಲು ಯಾವ ಉಪಕರಣವೂ ಬೇಡ. ಮೆಜೆಸ್ಟಿಕ್‌ನಲ್ಲಿ ಹಳದಿ ಗೆರೆಯಿಂದ ಸಾಕಷ್ಟು ಹಿಂದೆ ನಿಂತು, ಟಿಕೇಟಿನ ಅಗಲದ ತೆಳ್ಳನೆಯ ಕಾಗದದ ಚೂರೊಂದನ್ನು ಬೆರಳಲ್ಲಿ ತೂಗುಬಿಟ್ಟುಕೊಳ್ಳಿ. ರೈಲಿನ ದೀಪ ಕಾಣುವ ಮೊದಲೇ ಅದು ಅಲುಗಾಡುತ್ತದೆ.