ಸ್ವಸ್ಥ ಮನಸ್ಸು, ಮಿತವಾದ ಮಾತು

ಪ್ರಾಚೀನ ಗ್ರೀಕರ ಭಾಷೆಯಲ್ಲಿ ‘ಸೊಫ್ರೊಸುನೆ’ ಎಂಬ ಪದವೊಂದುಂಟು. ನಾವು ಅದನ್ನು ಸಂಯಮವೆಂದು ಕರೆಯಬಹುದು. ಆದರೆ ಪದವನ್ನು ಬಿಡಿಸಿ ನೋಡಿದರೆ ದೊರೆಯುವ ಅರ್ಥ ‘ಸ್ವಸ್ಥವಾದ ಮನಸ್ಸು’ ಎಂದು. ಕೆಟ್ಟ ಬಯಕೆಯೊಡನೆ ಹೋರಾಡಿ ಗೆಲ್ಲುವವನು ಒಬ್ಬ, ಅಂಥ ಬಯಕೆಯೇ ತಲೆಯೆತ್ತದವನು ಮತ್ತೊಬ್ಬ. ಅರಿಸ್ಟಾಟಲನ ಮತದಲ್ಲಿ ಈ ಗುಣವು ಎರಡನೆಯವನದು.

ಬಂಧುಗಳೆ, ಈ ಗುಣವು ಏಕಾಂತದಲ್ಲಿ ಕುಳಿತವನಿಗೆ ಮಾತ್ರ ಬೇಕಾದುದಲ್ಲ. ಸಾವಿರಾರು ಜನರ ಸಭೆಯಲ್ಲಿ ಎದ್ದು ನಿಂತು ಮಾತನಾಡುವವನಿಗೂ ಅದು ಬೇಕಾದ ಸಂದರ್ಭವೊಂದನ್ನು ಇತಿಹಾಸಕಾರ ಥ್ಯೂಸಿಡಿಡೀಸನು ಬರೆದಿಟ್ಟಿದ್ದಾನೆ.

ಲೆಸ್ಬೊಸ್ ದ್ವೀಪದ ಮಿಟಿಲೀನ್ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದು, ಕ್ರಿ.ಪೂ. 427ರಲ್ಲಿ ಸೋತು ಶರಣಾಯಿತು. ಕೋಪದಿಂದ ಕುದಿಯುತ್ತಿದ್ದ ಅಥೆನ್ಸಿನ ಜನಸಭೆಯು ಆ ನಗರದ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿಸಬೇಕು ಎಂದು ತೀರ್ಮಾನಿಸಿ, ಅಪ್ಪಣೆಯನ್ನು ಹಡಗಿನಲ್ಲಿ ಕಳುಹಿಸಿಯೂ ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಅನೇಕರಿಗೆ ಪಶ್ಚಾತ್ತಾಪ. ಸಭೆ ಮತ್ತೆ ಸೇರಿತು.

ಕ್ಲಿಯಾನನು ಆರ್ಭಟಿಸಿದನು: ರಾಜ್ಯವಾಳುವವರಿಗೆ ಕರುಣೆ ಸಲ್ಲದು, ನಿನ್ನೆಯ ನಿರ್ಣಯವನ್ನು ಬದಲಿಸಬಾರದು. ಅವನಿಗೆ ಉತ್ತರ ಕೊಟ್ಟವನು ಡಿಯೊಡೋಟಸ್. ಅವಸರ ಮತ್ತು ಕೋಪ ಎರಡೂ ಸದಾಲೋಚನೆಯ ವೈರಿಗಳೆಂದು ಆರಂಭಿಸಿದ ಆತನು ಸೋತವರ ಪರವಾಗಿ ಕಣ್ಣೀರು ಹರಿಸಲಿಲ್ಲ. ಮರಣದಂಡನೆಯ ಭಯದಿಂದ ದಂಗೆಗಳು ನಿಂತದ್ದುಂಟೆ? ಶರಣಾದರೂ ಸಾವೇ ಗತಿಯೆಂದು ತಿಳಿದ ನಗರವು ಕೊನೆಯುಸಿರಿನವರೆಗೆ ಕಾದಾಡದೆ ಇದ್ದೀತೆ? ಹೀಗೆ ಕೇಳುವವರ ಲಾಭನಷ್ಟವನ್ನೇ ಅವರ ಮುಂದಿಟ್ಟನು. (ಭಾಷಣಗಳ ಮಾತುಗಳನ್ನು ಇದ್ದಕ್ಕಿದ್ದಂತೆ ನೆನಪಿಡುವುದು ಕಷ್ಟವಾಗಿತ್ತೆಂದು ಇತಿಹಾಸಕಾರನೇ ಒಪ್ಪಿಕೊಂಡಿದ್ದಾನೆ, ತಿರುಳನ್ನು ಮಾತ್ರ ನಾವು ನಂಬಬಹುದು.) ಕೈಯೆತ್ತಿದವರ ಎಣಿಕೆ ಹೆಚ್ಚುಕಡಿಮೆ ಸಮವಾಗಿತ್ತು. ಕೂದಲೆಳೆಯಲ್ಲಿ ಡಿಯೊಡೋಟಸನು ಗೆದ್ದನು.

ಮೊದಲ ಹಡಗು ಹೊರಟು ಸುಮಾರು ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಎರಡನೆಯದರ ಅಂಬಿಗರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಗೋಧಿಯ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು, ಸರದಿಯ ಮೇಲೆ ನಿದ್ರಿಸಿದರು. ಮೊದಲಿನವರಿಗೋ ಆ ಘೋರ ಕಾರ್ಯಕ್ಕಾಗಿ ಅವಸರಪಡಲು ಮನಸ್ಸಿರಲಿಲ್ಲ. ಸೇನಾಪತಿಯು ಹಳೆಯ ಅಪ್ಪಣೆಯನ್ನು ಓದಿ ಮುಗಿಸಿ ಜಾರಿಗೆ ತರುವಷ್ಟರಲ್ಲಿ ಎರಡನೆಯ ಹಡಗು ದಡ ಮುಟ್ಟಿತು.

ಆದರೂ ಇದನ್ನು ಸಂಯಮದ ಪೂರ್ಣ ವಿಜಯವೆನ್ನಲು ನನಗೆ ಮನಸ್ಸಾಗದು. ದಂಗೆಯ ಮುಖಂಡರೆಂದು ಸಾವಿರಕ್ಕೂ ಹೆಚ್ಚು ಜನರನ್ನು ಆಮೇಲೆ ಕೊಲ್ಲಲಾಯಿತೆಂದು ಅದೇ ಗ್ರಂಥ ಹೇಳುತ್ತದೆ.

ಅದೇ ವರ್ಷ ಕಾರ್ಸೈರಾ ದ್ವೀಪದಲ್ಲಿ ಅಂತಃಕಲಹ ಹೊತ್ತಿಕೊಂಡಿತು. ಅಲ್ಲಿ ಕೆಟ್ಟದ್ದು ಮನುಷ್ಯರು ಮಾತ್ರವಲ್ಲ, ಮಾತುಗಳೂ ಕೆಟ್ಟವು. ವಿವೇಚನೆಯಿಲ್ಲದ ಸಾಹಸಕ್ಕೆ ಶೌರ್ಯವೆಂಬ ಹೆಸರು ಬಂತು. ಸಂಯಮವು ಹೇಡಿತನಕ್ಕೆ ಹಾಕಿದ ಮುಸುಕೆನಿಸಿತು. ಕ್ಲಿಯಾನನು ಆ ಇತಿಹಾಸದಲ್ಲಿ ಮುಂದೆಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಡಿಯೊಡೋಟಸನ ಹೆಸರು ಮತ್ತೆಲ್ಲಿಯೂ ಬರುವುದಿಲ್ಲ.