ಬೆಟ್ಟ ಅಲ್ಲೇ, ವಿಳಾಸ ಬೇರೆ

ಸಂಡೂರಿನ ಕುಮಾರಸ್ವಾಮಿ ಬೆಟ್ಟವು ಯಾವ ರಾಜ್ಯದಲ್ಲಿದೆ ಎಂಬ ಪ್ರಶ್ನೆಗೆ ಒಂದೇ ತಲೆಮಾರಿನವರು ನಾಲ್ಕು ಉತ್ತರಗಳನ್ನು ಕೊಡಬೇಕಾಯಿತು. 1949ರವರೆಗೆ ಸಂಡೂರು ಘೋರ್ಪಡೆ ಅರಸರ ಸಂಸ್ಥಾನವಾಗಿದ್ದಿತು. ಆ ವರ್ಷ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯದ ಹೆಸರೇ ಕರ್ನಾಟಕವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಹೊಸಪೇಟೆ, ಹಂಪಿಗಳು ಅದರ ಪಾಲಿಗೆ ಬಂದುವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಇಷ್ಟೆಲ್ಲ ನಡೆದರೂ ಯಾರೂ ಒಂದು ಹೊಲವನ್ನಾಗಲಿ ಗುಡಿಯನ್ನಾಗಲಿ ಹೊತ್ತು ಸಾಗಿಸಲಿಲ್ಲ. ಬದಲಾದುದು ಕಡತದಲ್ಲಿನ ವಿಳಾಸ ಮಾತ್ರ.

ಗಣಕಯಂತ್ರದಲ್ಲಿಯೂ ಇಂಥದೊಂದು ಏರ್ಪಾಡು ಉಂಟು. ಲಿನಕ್ಸ್ ಬಳಸುವವರಿಗಾಗಿ ಕ್ರಿಸ್ ಮೇಸನ್ ಎಂಬ ತಂತ್ರಜ್ಞರು 2007ರಲ್ಲಿ ಪ್ರಕಟಿಸಿದ ‘ಬಿಟಿಆರ್‌ಎಫ್‌ಎಸ್’ ಎಂಬ ಕಡತವ್ಯವಸ್ಥೆಯೇ ಅದು. ಬರೆದುದನ್ನು ತಿದ್ದುವಾಗ ಈ ವ್ಯವಸ್ಥೆಯು ಹಳೆಯ ಹಾಳೆಯನ್ನು ಕೆರೆದು ಅಳಿಸುವುದಿಲ್ಲ. ತಿದ್ದಿದ ಭಾಗವನ್ನು ಹೊಸ ಜಾಗದಲ್ಲಿ ಬರೆದು, ಅನಂತರ ಸೂಚಿಯನ್ನು ಅತ್ತ ತಿರುಗಿಸುತ್ತದೆ. ಇದಕ್ಕೆ ‘ಕಾಪಿ ಆನ್ ರೈಟ್’ ಎಂದು ಹೆಸರು. ಆದುದರಿಂದಲೇ ಒಂದು ಗಳಿಗೆಯ ಸ್ಥಿತಿಯನ್ನು ‘ಸ್ನ್ಯಾಪ್‌ಶಾಟ್’ ಆಗಿ ಕ್ಷಣಮಾತ್ರದಲ್ಲಿ ಹಿಡಿದಿಡಲು ಸಾಧ್ಯ.

ಡಿಸ್ಕ್ ಒಂದೇ ಆದರೂ ಅದರೊಳಗೆ ಸಬ್‌ವಾಲ್ಯೂಮ್‌ಗಳೆಂಬ ತಾಲ್ಲೂಕುಗಳನ್ನು ಮಾಡಿಕೊಳ್ಳಬಹುದು. ಪ್ರತಿಯೊಂದಕ್ಕೂ ಪ್ರತ್ಯೇಕ ಕಡತಪಟ್ಟಿ ಇರುತ್ತದೆ. ಖಾಲಿ ಜಾಗ ಮಾತ್ರ ಎಲ್ಲಕ್ಕೂ ಸಮಾನ. ಯಾವ ತಾಲ್ಲೂಕು ಯಾವ ವಿಳಾಸದಲ್ಲಿ ಕಾಣಿಸಬೇಕೆಂದು ಗೊತ್ತುಪಡಿಸುವುದೇ ‘ಮೌಂಟ್’ ಮಾಡುವಿಕೆ.

ಈ ವಿಂಗಡಣೆ ಗೃಹಸ್ಥರಿಗೇಕೆ? ಯಂತ್ರವನ್ನು ನಡೆಸುವ ತಂತ್ರಾಂಶವೂ ಮನೆಮಂದಿಯ ಭಾವಚಿತ್ರಗಳೂ ಒಂದೇ ಸಬ್‌ವಾಲ್ಯೂಮ್‌ನಲ್ಲಿವೆಯೆಂದು ಭಾವಿಸೋಣ. ತಂತ್ರಾಂಶ ಕೆಟ್ಟಿತೆಂದು ಹಿಂದಿನ ತಿಂಗಳ ಸ್ನ್ಯಾಪ್‌ಶಾಟ್‌ಗೆ ಮರಳಿದರೆ, ಮೊನ್ನೆ ನಡೆದ ಮಗಳ ಮದುವೆಯ ಚಿತ್ರಗಳೂ ಕಣ್ಮರೆಯಾಗುತ್ತವೆ! ಎರಡನ್ನೂ ಬೇರ್ಪಡಿಸಿದ್ದರೆ ಆ ಭಯವಿಲ್ಲ.

ಈಗಾಗಲೇ ಇರುವ ಫೋಲ್ಡರು ತಾನಾಗಿ ಸಬ್‌ವಾಲ್ಯೂಮ್ ಆಗದು. ಹೊಸದೊಂದನ್ನು ನಿರ್ಮಿಸಿ, ‘ರೀಫ್ಲಿಂಕ್’ ವಿಧಾನದಿಂದ ಚಿತ್ರಗಳನ್ನು ಅಲ್ಲಿಗೆ ತರಬೇಕು. ಆಗ ಸೂಚಿಗಳಷ್ಟೇ ನಕಲಾಗುವುದರಿಂದ ಹೆಚ್ಚು ಜಾಗ ಬೇಕಾಗುವುದಿಲ್ಲ. ಬಳಿಕ, ಯಂತ್ರವು ಏಳುವಾಗ ಓದುವ ‘ಎಫ್‌ಸ್ಟ್ಯಾಬ್’ ಪಟ್ಟಿಯಲ್ಲಿ ಹೊಸ ವಿಳಾಸವನ್ನು ಬರೆಯಬೇಕು. ಇದನ್ನು ಮರೆತರೆ, ಕಚೇರಿ ಸ್ಥಳಾಂತರವಾದುದನ್ನು ತಿಳಿಯದ ಅಂಚೆಯವನಂತೆ ಯಂತ್ರವು ಹಳೆಯ ಬಾಗಿಲನ್ನೇ ತಟ್ಟುತ್ತದೆ. ಎಲ್ಲವೂ ತೆರೆಯುವುದೆಂದು ಪರೀಕ್ಷಿಸಿದ ಮೇಲೆಯೇ ಹಳೆಯ ಫೋಲ್ಡರನ್ನು ಅಳಿಸತಕ್ಕದ್ದು. ಇನ್ನೊಂದು ಮಾತು: ಸಬ್‌ವಾಲ್ಯೂಮ್‌ನ ಸ್ನ್ಯಾಪ್‌ಶಾಟ್ ತೆಗೆದಾಗ ಅದರೊಳಗಿನ ಬೇರೆ ಸಬ್‌ವಾಲ್ಯೂಮ್‌ಗಳು ಅದರಲ್ಲಿ ಸೇರುವುದಿಲ್ಲ. ಚಿತ್ರಗಳಿಗೆ ಪ್ರತ್ಯೇಕ ಸ್ನ್ಯಾಪ್‌ಶಾಟ್ ತೆಗೆಯಲೇಬೇಕು.

ಇಷ್ಟಾದ ಮೇಲೆ ಚಿತ್ರಗಳು ಸುರಕ್ಷಿತವೆಂದು ನಿಶ್ಚಿಂತರಾಗುವವರು ಬಹಳ. ಅಪಾಯವಿರುವುದು ಇಲ್ಲಿಯೇ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಿಂದ ಎಡದಂಡೆ, ಬಲದಂಡೆಗಳಿಗೆ ಬೇರೆ ಬೇರೆ ಕಾಲುವೆಗಳಿವೆ. ನೀರು ಮಾತ್ರ ಒಂದೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಎರಡೂ ದಂಡೆಗಳ ರೈತರು ಒಟ್ಟಿಗೇ ಕಳವಳಗೊಂಡರು. ಕಾಲುವೆ ಬೇರೆಯೆಂಬ ಸಮಾಧಾನ ಅಂದು ಯಾರಿಗೂ ಒದಗಲಿಲ್ಲ.

ಸಬ್‌ವಾಲ್ಯೂಮ್‌ಗಳೂ ಸ್ನ್ಯಾಪ್‌ಶಾಟ್‌ಗಳೂ ನೆಚ್ಚಿರುವುದು ಒಂದೇ ಡಿಸ್ಕನ್ನು. ಅದು ಕೆಟ್ಟರೆ ಹೆಸರು ನೂರಿದ್ದರೂ ವಸ್ತುವಿರದು. ಚಿತ್ರಗಳ ಒಂದು ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಇಳಿಸಿ, ಸಾಧ್ಯವಾದರೆ ಬಂಧುಗಳ ಮನೆಯಲ್ಲಿರಿಸುವುದೇ ಜಾಣತನ. ವಿಂಗಡಣೆಯಿಂದ ಅನುಕೂಲ ಉಂಟು. ರಕ್ಷಣೆಗೆ ಎರಡನೆಯ ಪ್ರತಿಯೇ ಬೇಕು.